ಮೂರನೆಯ ಪಿಸ್ಟನ್

"ಹಳೇದೇ ಹಾಕಿದ್ರೆ ಹಾಕ್ಬಹುದು ತನುಜಕ್ಕ, ಬಿಟ್ರೆ ಬಿಡಬಹುದು," ಎಂದ ಜವರಯ್ಯ, ಡೀಸೆಲ್ ತುಂಬಿದ ಟ್ರೇಯಿಂದ ಕೊನೆಯ ಪಿಸ್ಟನ್ನನ್ನು ಎತ್ತಿ ಬನಿಯನ್ ಬಟ್ಟೆಯಲ್ಲಿ ಒರೆಸುತ್ತ.

ಬಣಕಲ್ಲಿನ ಹೆದ್ದಾರಿ ಬದಿಯ ಅವನ ಗ್ಯಾರೇಜಿನಲ್ಲಿ ಜೀಪು ಬಾನೆಟ್ಟು ಕಳಚಿಕೊಂಡು ನಿಂತಿತ್ತು. ಇಂಜಿನ್ನಿನ ಒಳಗಿನದೆಲ್ಲ ಹೊರಗೆ ಬಂದು ಗೋಣಿಚೀಲದ ಮೇಲೆ ಹರಡಿಕೊಂಡಿತ್ತು. ರಾತ್ರಿಯಿಡೀ ಡೀಸೆಲ್ಲಿನಲ್ಲಿ ನೆಂದ ನಾಲ್ಕು ಪಿಸ್ಟನ್ನುಗಳು ಮಸಿ ಬಿಟ್ಟು, ಹಳೆಯ ಬೆಳ್ಳಿಯ ಬಣ್ಣಕ್ಕೆ ಬಂದಿದ್ದವು. ರಿಂಗುಗಳು ಸಿಕ್ಕಿಕೊಂಡಿದ್ದವು, ಅವನ್ನಂತೂ ಬದಲಿಸಲೇಬೇಕು. ಪಿಸ್ಟನ್ನುಗಳ ಸವೆತ ಮಾತ್ರ ಅಳತೆಯೊಳಗೇ ಇದೆ ಎಂದು ಜವರಯ್ಯ ಎರಡೆರಡು ಸಲ ಗೇಜು ಹಿಡಿದು ತೋರಿಸಿದ್ದ. ತನ್ನ ಸ್ವಂತ ಗಾಡಿಯಾಗಿದ್ದರೆ ಏನು ಮಾಡುತ್ತಿದ್ದೆ ಎಂದು ತನುಜಾ ಕೇಳಿದ್ದಕ್ಕೆ, ಸ್ವಂತ ಗಾಡಿ ಇಲ್ಲದ್ದರಿಂದ ನೆಮ್ಮದಿಯಾಗಿದ್ದೇನೆ ಎಂದು ನಕ್ಕುಬಿಟ್ಟಿದ್ದ.

ಹೊಸ ಪಿಸ್ಟನ್ನುಗಳು ಮಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು, ಅಂದರೆ ವಾರದ ಕೊನೆ. ಬಾಳೂರಿನ ಮೇಲಿನ ತನುಜಾಳ ಮನೆಯವರ ತೋಟದಲ್ಲಿ ಕಾಫಿ ಹಣ್ಣು ಕೆಂಪಾಗಿ ನಿಂತಿತ್ತು. ಎರಡು ದಿನದಿಂದ ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಹಣ್ಣು ಒಡೆದು ಉದುರುತ್ತದೆ. ಮೇಸ್ತ್ರಿ ಭೂತಯ್ಯ ತನ್ನ ಗುಂಪಿನ ಹೆಂಗಸರನ್ನು ನಾಳೆಯಿಂದ ಕೊಯ್ಲಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅವರನ್ನು ಬೆಳಿಗ್ಗೆ ಕೆಳಗಿನ ರಸ್ತೆಯಿಂದ ಹತ್ತಿಸಿಕೊಂಡು ಹೋಗಬೇಕಾದ್ದು ಈ ಜೀಪೇ. ಕೊಯ್ಲಿನ ಕಾಲದಲ್ಲಿ ಒಮ್ಮೆ ಬೇರೆ ತೋಟ ಹತ್ತಿದ ಆಳು ಮತ್ತೆ ಸಿಗುವುದು ಕಷ್ಟ. ಗಂಡ ವಿಶ್ವನಾಥ್, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಬಿಟ್ಟು ಬರುವಂತಿರಲಿಲ್ಲ. ಓಡಿಸುವವಳು ನೀನು, ನೀನೇ ನೋಡಿ ಹೇಳು ಎಂದು ಫೋನಿನಲ್ಲಿ ಅಂದಿದ್ದ.

ತನುಜಾಳಿಗೆ ಕಣ್ಣೆದುರು ಬರುತ್ತಿದ್ದುದು ಹಳ್ಳದ ಮೇಲಿನ ತಿರುವು. ಅಲ್ಲಿ ಎಡಕ್ಕೆ ಬರೀ ಗಾಳಿ. ಹಿಂದೆ ಹೆಂಗಸರು ಒತ್ತಿಕೊಂಡು ಕೂತು, ಬುತ್ತಿ ಮಡಿಲಲ್ಲಿಟ್ಟುಕೊಂಡು, ಯಾರದೋ ಮದುವೆಯ ಮಾತಾಡುತ್ತಿರುತ್ತಾರೆ. ಆ ಏರಿನ ನಡುವೆ ಇಂಜಿನ್ ಹಿಡಿದುಕೊಂಡು ನಿಂತರೆ?

"ಹಳೇದೇ ಹಾಕಿ," ಎಂದಳು. ಮಳೆಯೂ ಆಳೂ ಕಾಯುವಂತಿರಲಿಲ್ಲ.

"ಸ್ವಲ್ಪ ತಡಿ ಮಾರಾಯ," ಎಂದು ಅತ್ತೆ ಮುದ್ದಮ್ಮ ಸ್ಟೂಲಿನಿಂದ ಎದ್ದರು. ಅವರ ಮನೆಯಲ್ಲಿ ವಿಭೂತಿ ಹಚ್ಚದೆ ಯಂತ್ರದೊಳಕ್ಕೆ ಏನೂ ಹೋಗುವಂತಿಲ್ಲ. ಪಂಪಿಗೂ ಅಷ್ಟೆ, ಪಲ್ಪರಿಗೂ ಅಷ್ಟೆ. ಇವೇ ಪಿಸ್ಟನ್ನುಗಳನ್ನು ಕೂರಿಸುವಾಗ ಮಾವ ಸೋಮಶೇಖರಪ್ಪ ಹಚ್ಚಿದ್ದರು. ಈಗ ಅವರಿಲ್ಲ. ಆ ಕೆಲಸಕ್ಕೆಂದೇ ಮುದ್ದಮ್ಮ ಮೊಣಕಾಲು ನೋವಿನಲ್ಲೂ ಬಸ್ಸು ಹತ್ತಿ ಬಂದಿದ್ದರು. ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು, ಅಂಗೈಯಲ್ಲಿ ನೀರಿಗೆ ತೇಯ್ದು, ಒಂದೊಂದು ಪಿಸ್ಟನ್ನಿನ ತಲೆಯ ಮೇಲೂ ಮೂರು ಬೆರಳು ಎಳೆದರು.

ಬೂದಿ ಒಳಗೆ ಹೋದರೆ ಉಜ್ಜುತ್ತದೆ ಅತ್ತೆ ಎಂದು ತನುಜಾ ಗೊಣಗಿದಳು. ತೊಳೆದೇ ಕೂರಿಸುವುದು, ಹಚ್ಚಲಿ ಬಿಡಿ ಎಂದ ಜವರಯ್ಯ ತನ್ನ ಹಣೆಯನ್ನೂ ಮುಂದೆ ಮಾಡಿದ. "ನಂಗೂ ಒಂಚೂರು ಹಚ್ಚಿ ಅಮ್ಮ. ಬೆಳಗಿಂದ ಸೊಂಟ ಹಿಡ್ಕಂಡಿದೆ."

"ನಿಂಗೆ ರಿಂಗು ಬದಲಾಯಿಸ್ಬೇಕು," ಎಂದು ಮುದ್ದಮ್ಮ ಹಚ್ಚಿಯೇಬಿಟ್ಟರು.

ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ವಿಭೂತಿ ಒಣಗಿ ಬೆಳ್ಳಗಾಗಿತ್ತು. ಮೂರನೆಯ ಪಿಸ್ಟನ್ನಿನ ಮೇಲೊಂದು ಕೂದಲು ಬಿದ್ದಿತ್ತು. ಮುದ್ದಮ್ಮ ಉಗುರಿನಿಂದ ತೆಗೆಯಲು ನೋಡಿದರು, ಬರಲಿಲ್ಲ. ಸೆರಗಿನಿಂದ ಒರೆಸಿದಾಗ ವಿಭೂತಿಯ ಜೊತೆ ಅದೂ ಹೋಯಿತು. ಮತ್ತೆ ತೇಯ್ದು ಮತ್ತೆ ಎಳೆದರು. ಅದು ಒಣಗುತ್ತಿದ್ದಂತೆ, ಅದೇ ಜಾಗದಲ್ಲಿ, ಮೂರು ಬಿಳಿ ಪಟ್ಟೆಗಳನ್ನೂ ಅಡ್ಡಕ್ಕೆ ಕೊಯ್ದಂತೆ ಅದೇ ಕಪ್ಪು ಗೆರೆ ನಿಧಾನಕ್ಕೆ ಮೂಡಿತು.

"ಜವರಯ್ಯ, ಇಲ್ ನೋಡು. ನನ್ ಕೈಯಿಂದ ಏನಾರ ಕೆಡ್ತಾ?"

ಅವನು ರಿಂಗಿನ ಪೊಟ್ಟಣ ಒಡೆಯುತ್ತಿದ್ದವನು ಬಂದು ನೋಡಿದ. ಟಾರ್ಚು ತಂದು ಮತ್ತೆ ನೋಡಿದ. ಮೊಬೈಲಿನಲ್ಲಿ ಚಿತ್ರ ತೆಗೆದು, ಬೆರಳಿನಿಂದ ಹಿಗ್ಗಿಸಿ ನೋಡಿದ. ಆಮೇಲೆ ಗೋಣಿಚೀಲದ ಅಂಚಿನಲ್ಲಿ ಕೂತುಬಿಟ್ಟ.

"ಬಿರುಕು," ಎಂದ. "ಡೀಸೆಲ್ಲು ಒಳಗೆ ಕೂತಿತ್ತು. ಒಣ ಬೂದಿ ಎಳ್ಕಂಡಿದೆ. ನಂಗೆ ಕಾಣ್ಲೇ ಇಲ್ಲ ನೋಡಿ." ಪಿಸ್ಟನ್ನನ್ನು ಪಕ್ಕಕ್ಕೆ ಸರಿಸಿ, "ಈಗ ಕೂರಿಸಿಬಿಡ್ತಿದ್ದೆ," ಎಂದ.

ಹೊರಗೆ ಮರ ಹೇರಿದ ಲಾರಿಯೊಂದು ಹಾದುಹೋಗಿ ತಗಡಿನ ಮಾಡು ಗಡಗಡಿಸಿತು. ಬೆಳಗಿನಿಂದ ಹೆಗಲ ಮೇಲೆ ಕೂತಿದ್ದುದೇನೋ ಇಳಿದಂತಾಗಿ, ಕಾರಣವಿಲ್ಲದೆ ತನುಜಾಳಿಗೆ ನಗು ಬಂತು. ಯೋಚಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ನಾಲ್ಕೂ ಹೊಸವೇ ಬರಲಿ ಎಂದಳು. ಜವರಯ್ಯ ಆಗಲೇ ಮಂಗಳೂರಿಗೆ ಫೋನು ಹಚ್ಚಿದ್ದ.

ಭೂತಯ್ಯನಿಗೆ ಅವಳೇ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆ ಅವನು ಯಾರೊಂದಿಗೋ ಮಾತಾಡಿದ್ದು ಕೇಳಿಸಿತು, ಹೆಂಗಸರ ದನಿ ಕೇಳಿಸಿತು.

"ಆಗ್ಲಿ ಅಕ್ಕ. ಅಲ್ಲೀ ಗಂಟ ಆಲ್ದೂರು ಕಡೆ ಹೋಗಿರ್ತೀವಿ. ಸೋಮವಾರ ನಿಮ್ಮಲ್ಲಿಗೇ," ಎಂದ. "ಬೇರೆ ತೋಟದಲ್ಲಿ ಉಳ್ಕಳಲ್ಲ, ಹೆದರ್ಬೇಡಿ. ಆ ಏರಲ್ಲಿ ನೀವು ಓಡಿಸಿದ್ರೆ ಇವ್ರು ಹಿಂದೆ ಕೂತು ಹರಟ್ತಾರೆ. ಬೇರೆಯವ್ರು ಓಡಿಸಿದ್ರೆ ದೇವರ ಹೆಸ್ರು ಹೇಳ್ತಾರೆ."

ಬಿರುಕು ಬಿಟ್ಟ ಪಿಸ್ಟನ್ನನ್ನು ಗುಜರಿಗೆ ಹಾಕಲು ಮುದ್ದಮ್ಮ ಬಿಡಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಟಾರ್ಪಾಲಿನ ಮೂಲೆಗೆ ಭಾರ ಇಡಲು ಬರುತ್ತದೆ ಎಂದು ಸೆರಗಿನಲ್ಲಿ ಸುತ್ತಿಕೊಂಡರು.

ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮೋಡ ಇತ್ತು, ಮಳೆ ಇರಲಿಲ್ಲ. ಬಾಳೂರಿನ ಏರು ಶುರುವಾದಾಗ ಡ್ರೈವರು ಗೇರು ಇಳಿಸಿದ. ತಾನೇ ಓಡಿಸುತ್ತಿರುವಂತೆ ತನುಜಾಳ ಬಲಗಾಲು ಕೆಳಗಿನ ತಗಡನ್ನು ಒತ್ತಿ ಹಿಡಿಯಿತು. ಪಕ್ಕದಲ್ಲಿ ಮುದ್ದಮ್ಮ ಮಡಿಲಿನ ಗಂಟಿನ ಮೇಲೆ ಎರಡೂ ಕೈಯಿಟ್ಟು ಆಗಲೇ ತೂಕಡಿಸುತ್ತಿದ್ದರು. ಬಸ್ಸು ಹಳ್ಳದ ಮೇಲಿನ ತಿರುವು ದಾಟಿತು. ಸ್ವಲ್ಪ ದೂರ ಹೋದ ಮೇಲೆ ತನುಜಾ ತನ್ನ ಕಾಲನ್ನು ನೋಡಿ, ಮೆಲ್ಲಗೆ ಎತ್ತಿಕೊಂಡಳು.