ಮುನಿಸಿಕೊಂಡು ಹೋದ ಮಗಳು

"ಎತ್ತಿ, ಎತ್ತಿ, ಗೋಡೆಗೆ ತಾಗಿಸಬೇಡಿ!" ಎನ್ನುತ್ತಾ ಡ್ರೈವರು ಹೊಲಿಗೆ ಯಂತ್ರದ ಒಂದು ತುದಿ ಹಿಡಿದು ಹಿಂದಡಿ ಇಟ್ಟ. ಮುಂದಿನ ಕೋಣೆಯಲ್ಲಿ ತನ್ನ ಹೆಂಡತಿಯನ್ನು ಮಲಗಿಸಲು ಜಾಗ ಬೇಕಿತ್ತು. ಬದುಕಿದ್ದಾಗ ಆ ಯಂತ್ರವನ್ನು ಒಂದಿಷ್ಟು ಸರಿಸಿದರೂ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ ಪುಣ್ಯಾತ್ಗಿತ್ತಿ, ಈಗ ಸುಮ್ಮನಿದ್ದಳು.

ನೆಂಟರೆಂದರೆ ಬೆರಳೆಣಿಕೆಯಷ್ಟು. ಹೊತ್ತೇರಿದಂತೆ ಬಂದವರೆಲ್ಲ ಗುರುತಿಲ್ಲದವರು: ಔಷಧಿ ಅಂಗಡಿಯವನು, ಒಬ್ಬ ನರ್ಸು, ನಿವೃತ್ತ ಟೀಚರಮ್ಮ. ವಾರಕ್ಕೊಂದು ಕಂತಿನಂತೆ ಹೆಂಡತಿ ಮೊಬೈಲಿನಲ್ಲಿ ಬರೆದು ಹಾಕುತ್ತಿದ್ದ ಕಾದಂಬರಿಯ ಓದುಗರು. ಕೊನೆಯ ಕಂತಿನ ಕೆಳಗೆ ಅವಳ ತಂಗಿ ಹಾಕಿದ್ದ ಸಾವಿನ ಸುದ್ದಿ ನೋಡಿ, ವಿಳಾಸ ಹುಡುಕಿಕೊಂಡು ಬಂದಿದ್ದರು.

ಟೀಚರಮ್ಮ ಕಣ್ಣೊರೆಸಿಕೊಂಡು ಸುತ್ತಲೂ ನೋಡಿದರು. "ಪುಟ್ಟಿ ಎಲ್ಲಿ?"



*

ಪುಟ್ಟಿ ಶಾಲೆಗೆ ಸೇರುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ಬೆಳೆದದ್ದೆಲ್ಲ ಕಾದಂಬರಿಯಲ್ಲಿ. ಯೂನಿಫಾರ್ಮಿನ ಅಳತೆ ಕೊಡಲು ಬರುತ್ತಿದ್ದ ಹುಡುಗಿಯರಲ್ಲಿ ಒಬ್ಬಳ ಎತ್ತರ, ಒಬ್ಬಳ ಮುರಿದ ಹಲ್ಲು, ಇನ್ನೊಬ್ಬಳ ಮೊಂಡುತನ ಸೇರಿಸಿ ಅಮ್ಮ ಅವಳನ್ನು ದೊಡ್ಡವಳನ್ನಾಗಿ ಮಾಡಿದಳು. ಗಣಿತದಲ್ಲಿ ಫೇಲ್ ಮಾಡಬೇಡಿ ಎಂದು ಓದುಗರು ಗೋಗರೆದಾಗ ಪಾಸು ಮಾಡಿಸಿದಳು. ನಿಮ್ಮ ಮನೆಯದೇ ಕತೆಯಾ ಎಂದು ಯಾರೋ ಕೇಳಿದ್ದಕ್ಕೆ, ಹೌದು ಎಂದುಬಿಟ್ಟಳು.

ಡ್ರೈವರು ಓದಿದ್ದು ಒಂದೇ ಕಂತು. ಅದರಲ್ಲಿ ಅಪ್ಪ ಮಗಳ ಕೆನ್ನೆಗೆ ಬಾರಿಸುತ್ತಾನೆ, ಅವಳು ಮಾತು ಬಿಟ್ಟು ಹಾಸ್ಟೆಲ್ಲಿಗೆ ಹೊರಟುಹೋಗುತ್ತಾಳೆ.

"ನಾನು ಯಾವಾಗ ಕಣೇ ಅವಳ ಮೇಲೆ ಕೈ ಮಾಡಿದ್ದೆ?"

"ಮಾಡಿಲ್ಲ ರೀ. ಬೆಳೆದಿದ್ರೆ ಮಾಡಿರ್ತಿದ್ರಿ. ನಿಮ್ಮ ಸಿಟ್ಟು ನಂಗೊತ್ತಿಲ್ವಾ?"

"ಸುಳ್ಳು! ಮೊದ್ಲು ಅದನ್ನ ಅಳಿಸು."

"ಎಲ್ಲರೂ ಓದಿ ಆಯ್ತಲ್ಲ, ಇನ್ನೇನು ಅಳಿಸೋದು? ಮುಂದೆ ರಾಜಿ ಮಾಡಿಸ್ತೀನಿ, ತಡೀರಿ."

ರಾಜಿಯ ಕಂತು ಬರೆಯುವಷ್ಟರಲ್ಲಿ ಅವಳ ಎದೆಬಡಿತವೇ ನಿಂತಿತು.

*

"ಅಪ್ಪ-ಮಗಳ ಹಠಕ್ಕೂ ಒಂದು ಮಿತಿ ಬೇಡ್ವಾ?" ಟೀಚರಮ್ಮನ ದನಿ ಏರಿತು. "ಹೆತ್ತ ತಾಯಿ ಮುಖ ನೋಡೋಕಾದ್ರೂ ಆ ಮಗೂನ ಕರೀಬಾರ್ದಾ? ನೀವೇನು ಮನುಷ್ಯರಾ?"

ಹೆಂಡತಿಯ ತಂಗಿ ಎದ್ದು ಬಂದಳು. "ಅಮ್ಮಾ, ಪುಟ್ಟಿ..."

ಡ್ರೈವರು ಅವಳ ತೋಳು ಹಿಡಿದು ತಡೆದ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಇಷ್ಟು ಜನರ ನಡುವೆ ಪುಟ್ಟಿ ಇನ್ನೊಮ್ಮೆ ಸಾಯುತ್ತಿದ್ದಳು, ಅದೂ ಅವನ ಬಾಯಿಂದ. ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ಭಯವಾಯಿತು.

"ತಪ್ಪು ನಂದೇ ಅಮ್ಮಾ. ಹೊಡೀಬಾರ್ದಿತ್ತು," ಎಂದ. "ಫೋನ್ ಮಾಡಿದ್ದೀನಿ. ಹೊರಟಿದ್ದಾಳೆ."

ತಂಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಶವದ ಗಾಡಿಯವನು ಒಳಗೆ ಇಣುಕಿದ. "ಹೊರಡೋಣ್ವಾ ಯಜಮಾನ್ರೇ?"

"ಸ್ವಲ್ಪ ತಡಿಯಪ್ಪಾ, ಮಗಳು ಬರ್ಬೇಕು!" ಟೀಚರಮ್ಮ ಗದರಿದರು.

ಅವನು ಹೋಗಿ ಇಂಜಿನ್ ಆರಿಸಿದ. ಮಾತು ಬಾಯಿಂದ ಬಾಯಿಗೆ ಹರಡಿ, ಮೆಟ್ಟಿಲ ಮೇಲಿದ್ದವರು ಎರಡು ಕಡೆಗೂ ಸರಿದು ದಾರಿ ಬಿಟ್ಟರು. ನರ್ಸು ಶವದ ತಲೆಯ ಬಳಿಯಿಂದ ಎದ್ದು ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಎಲ್ಲರ ಕಣ್ಣೂ ಬೀದಿಯತ್ತ ನೆಟ್ಟಿತ್ತು.

ಡ್ರೈವರೂ ಎದ್ದು ನಿಂತ. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಾಗಿಲನ್ನೇ ನೋಡತೊಡಗಿದ.