ಸತ್ತಿದೆ ಎಂಬ ಚೀಟಿ

ಊರಿನವರು ಅವನನ್ನು ಡಿಸ್ಕ್ ಡಾಕ್ಟರ್ ಎನ್ನುತ್ತಿದ್ದರು, ಅವನೂ ಆ ಬಿರುದಿಗೆ ಬೇಡ ಅಂದವನಲ್ಲ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಸದ್ದಿನ ಮೇಲೇ ರೋಗ ಹೇಳುವ ಅವನ ಠೀವಿ ನೋಡಬೇಕು! ಗಿರಾಕಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆ ದಿನ ಬೆಳಿಗ್ಗೆ ರೋಗಿ ಬಂದದ್ದು ಗುಂಡಿಗಳ ಡಬ್ಬದೊಳಗೆ. ಹೊತ್ತು ತಂದವಳು ಅವನ ಅಕ್ಕ. ಮೂವತ್ತು ವರ್ಷ ನಡೆಸಿದ ಹೊಲಿಗೆ ಅಂಗಡಿಯನ್ನು ಅವಳು ಮುಚ್ಚುತ್ತಿದ್ದಳು. ಬೆನ್ನು ಇನ್ನು ಬಗ್ಗುವುದಿಲ್ಲ ಎಂದು ಹಟ ಹಿಡಿದಿತ್ತು.

"ಡಬ್ಬ ಖಾಲಿ ಮಾಡೋವಾಗ ಸಿಕ್ತು ಕಣೋ. ಆಗ ನೀನಿನ್ನೂ ಕೈ ಪಳಗದವನು. ಈಗ ಸತ್ತವರನ್ನೂ ಎಬ್ಬಿಸ್ತೀಯಂತಲ್ಲ, ಒಂದ್ಸಲ ನೋಡು."

ಡಿಸ್ಕಿನ ಮೇಲೆ ಬಿಳಿ ಚೀಟಿ ಅಂಟಿತ್ತು. 'ಸತ್ತಿದೆ' ಎಂದು ಬರೆದು, ಕೆಳಗೆ ತಾರೀಖು, ಅದರ ಕೆಳಗೆ ಬಾಲ ಎಳೆದ ಸಹಿ. ಇಪ್ಪತ್ಮೂರು ವರ್ಷದ ಹಿಂದಿನ ಅವನದೇ ಅಕ್ಷರ. ಆಗ ತಾನೇ ಆರು ತಿಂಗಳ ಕೋರ್ಸು ಮುಗಿಸಿ ಬಂದಿದ್ದ. ಸಹಿಯ ಬಾಲವೇ ಅವನ ಆಗಿನ ಜಂಬದ ಉದ್ದ ಹೇಳುತ್ತಿತ್ತು.

ಅದರೊಳಗೆ ಇದ್ದದ್ದು ಅಕ್ಕನ ಪುಸ್ತಕ. ಯಾವ ಮೈಕಟ್ಟಿಗೆ ಯಾವ ಅಳತೆ, ಬಟ್ಟೆ ಹೇಗೆ ಕತ್ತರಿಸಬೇಕು ಎಂದು ಎರಡು ವರ್ಷ ಕೂತು ಬರೆದದ್ದು. "ಇನ್ನು ಕಾಗದದ ಹಂಗೇ ಇಲ್ಲಕ್ಕಾ" ಎಂದು ಇವನು ಹೇಳಿದ್ದನ್ನು ನಂಬಿ, ಕಂಪ್ಯೂಟರಿಗೆ ಟೈಪು ಮಾಡಿ ಮುಗಿಸಿದ ಕೈಬರಹದ ಹಾಳೆಗಳನ್ನೆಲ್ಲ ಅವಳು ರವಿಕೆಯ ಮಾದರಿ ಕತ್ತರಿಸಲು ಬಳಸಿಬಿಟ್ಟಿದ್ದಳು. ಡಿಸ್ಕ್ ಸತ್ತ ಮೇಲೆ ಪ್ರಕಾಶಕರು ಮೂರು ತಿಂಗಳು ಕಾದು ಬೇರೆ ಯಾರದೋ ಪುಸ್ತಕ ಹಾಕಿದರು. ಅಕ್ಕ ಮತ್ತೆ ಬರೆಯಲು ಕೂರಲಿಲ್ಲ.

ಅವನು ಡಿಸ್ಕನ್ನು ಅದೇ ಕಾಲದ ಒಂದು ಕಂಪ್ಯೂಟರಿಗೆ ಜೋಡಿಸಿದ. ಅಕ್ಕ ಹಿಂದೆ ಸ್ಟೂಲಿನ ಮೇಲೆ ಕೂತು, ಕಳಚಿಟ್ಟಿದ್ದ ಅವನ ಕೋಟಿನ ಹರಿದ ಜೇಬು ಹೊಲಿಯತೊಡಗಿದಳು. ಸುಮ್ಮನೆ ಕೂರುವ ಜಾತಿಯಲ್ಲ ಅವಳು.

ಡಿಸ್ಕು ತಿರುಗಿತು. ಒಂದೇ ಸಮನಾದ ಸದ್ದು. ಎಲ್ಲಿಯೂ ಕೆಮ್ಮಿಲ್ಲ, ಕಟಕಟವಿಲ್ಲ. ಆದರೂ ಪರದೆ ಡಿಸ್ಕೇ ಇಲ್ಲ ಅಂತು. ಅವನಿಗೆ ಅನುಮಾನ ಬಂತು. ಆ ಕಾಲದಲ್ಲಿ ಒಂದೇ ಕೇಬಲಿಗೆ ಎರಡು ಡಿಸ್ಕ್ ಹಾಕುತ್ತಿದ್ದರು, ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಯಾವುದು ಯಾವುದೆಂದು ತೀರ್ಮಾನಿಸುವುದು ಹಿಂಬದಿಯ ಪಿನ್ನುಗಳ ಮೇಲೆ ಕೂರುವ, ಅಕ್ಕಿಕಾಳಿನಷ್ಟಿರುವ ಜಂಪರ್. ಅದು ಎಲ್ಲಿ ಕೂರಬೇಕೆಂಬ ಚಿತ್ರವನ್ನು ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಇದರ ಮೇಲೆ ಚಿತ್ರ ಕಾಣಲಿಲ್ಲ.

ಉಗುರಿನಿಂದ ಚೀಟಿ ಕಿತ್ತ. ಚಿತ್ರ ಅದರಡಿಯಲ್ಲಿತ್ತು.

ಜಂಪರ್ ಸ್ಲೇವ್ ಜಾಗದಲ್ಲಿ ಕೂತಿತ್ತು. ಯಜಮಾನನಿಲ್ಲದ ಮನೆಯಲ್ಲಿ ಅಪ್ಪಣೆಗೆ ಕಾದು ನಿಂತ ಆಳಿನ ಹಾಗೆ ಡಿಸ್ಕು ಸುಮ್ಮನಿತ್ತು, ಅಷ್ಟೇ. ಅಲ್ಲಿ ಕೂರಿಸಿದವರು ಯಾರು? ಅವನಿಗೆ ನೆನಪಾಯಿತು. ಚೀಟಿ ಬರೆದ ಆ ತಿಂಗಳು ಅಕ್ಕ ಎರಡು ದಿನ ಊರಲ್ಲಿರಲಿಲ್ಲ. ಇವನು ಹೇಳದೆ ಕೇಳದೆ ಈ ಡಿಸ್ಕನ್ನು ಬಿಚ್ಚಿಕೊಂಡು ಹೋಗಿ, ಗೆಳೆಯನ ಕಂಪ್ಯೂಟರಿಗೆ ಎರಡನೆಯದಾಗಿ ಸಿಕ್ಕಿಸಿ, ಹಾಡು ತುಂಬಿಸಿಕೊಂಡು ತಂದಿದ್ದ. ಅದಕ್ಕೆಂದು ಬದಲಿಸಿದ ಜಂಪರನ್ನು ವಾಪಸು ಬದಲಿಸಿರಲಿಲ್ಲ.

ಮಾರನೆಯ ದಿನ ಊರಿಂದ ಬಂದ ಅಕ್ಕ, ಕಂಪ್ಯೂಟರ್ ಏಳದಿದ್ದಾಗ, ಮೂರು ಸಲ ಕೇಳಿದ್ದಳು. "ಏನಾದ್ರೂ ತಪ್ಪು ಜೋಡಿಸಿದೀಯೇನೋ ನೋಡೋ. ನಮ್ಮ ಮೆಷಿನ್ ನಿಂತ್ರೆ ಮೊದ್ಲು ದಾರ ಪೋಣಿಸಿದ್ದು ಸರಿಯಿದ್ಯಾ ನೋಡ್ತೀವಿ."

"ಇದು ನಿನ್ನ ಹೊಲಿಗೆ ಮೆಷಿನ್ ಅಲ್ಲ! ಗೊತ್ತಿಲ್ದೇ ಇರೋದ್ರಲ್ಲಿ ತಲೆ ಹಾಕ್ಬೇಡ" ಎಂದು ಗದರಿ ಚೀಟಿ ಅಂಟಿಸಿದ್ದ.

ಚಿಮುಟದಿಂದ ಜಂಪರ್ ಎತ್ತಿ ಪಕ್ಕದ ಪಿನ್ನುಗಳ ಮೇಲೆ ಇಟ್ಟ. ಅರ್ಧ ನಿಮಿಷದ ಕೆಲಸ. ಕಂಪ್ಯೂಟರ್ ಎದ್ದಿತು, ಪುಸ್ತಕ ತೆರೆಯಿತು. ಮೊದಲ ಪುಟದಲ್ಲಿ ಎರಡೇ ಸಾಲು: 'ತಮ್ಮನಿಗೆ, ನನಗೆ ಈ ಯಂತ್ರ ಕಲಿಸಿದವನಿಗೆ. ಅವನು ಸರಿಯಿದೆ ಅಂದರೆ ಸರಿಯಿದೆ.'

ಅವನು ತಲೆ ತಗ್ಗಿಸಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎದ್ದಿತಾ?" ಅಕ್ಕ ಸೂಜಿ ಬಿಟ್ಟು ಓಡಿ ಬಂದಳು. ಪರದೆ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಆಗ ಇದಕ್ಕೆ ಔಷಧಿ ಇರ್ಲಿಲ್ಲ ಅಲ್ವೇನೋ? ಈಗ ಬಂದಿದೆ."

ಅವನು ಹೌದೆಂದು ತಲೆಯಾಡಿಸಿದ. ನಾಚಿಕೆಗೇಡು, ಆದರೆ ಆಡಿಸಿದ್ದು ನಿಜ. ಅಷ್ಟು ಸಲೀಸಾಗಿ ಅವಳೇ ದಾರಿ ಮಾಡಿಕೊಟ್ಟಿದ್ದಳು.

ಅಕ್ಕ ಆಗಲೇ ಭಾವನಿಗೆ ಫೋನ್ ಹಚ್ಚಿದ್ದಳು. "ಏನೂಂದ್ರೆ, ಪುಸ್ತಕ ಸಿಕ್ತು! ನನ್ನ ತಮ್ಮ ಅಂದ್ರೆ ಏನಂದ್ಕೊಂಡ್ರಿ..."

"ಅಕ್ಕಾ, ಫೋನ್ ಇಡು" ಎಂದ. "ಇದು ಸತ್ತೇ ಇರ್ಲಿಲ್ಲ. ನಾನೇ ತಪ್ಪು ಜೋಡಿಸಿದ್ದೆ. ನಿನ್ನ ಕೇಳ್ದೆ ಒಯ್ದು, ಹಾಡು ತುಂಬಿಸ್ಕೊಂಡು ಬಂದಿದ್ದೆ. ದಾರ ಪೋಣಿಸಿದ್ದು ಸರಿಯಿರ್ಲಿಲ್ಲ, ಅಷ್ಟೇ."

ಅಕ್ಕ ಫೋನ್ ಇಟ್ಟಳು. ಜಂಪರನ್ನು ತೋರಿಸು ಅಂದಳು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಇಷ್ಟೇನಾ?"

"ಇಷ್ಟೇ."

"ಮೂರು ಸಲ ಕೇಳಿದ್ದೆ."

ಅವನು ಕಿತ್ತಿದ್ದ ಚೀಟಿಯನ್ನು ಎತ್ತಿ ಅವಳ ಮುಂದಿಟ್ಟ.

"ಆ ಮೊದಲ್ನೇ ಪುಟ ಅಳಿಸು" ಎಂದಳು ಅಕ್ಕ. "ನಾನಲ್ಲ, ನೀನೇ ಅಳಿಸು."

ಅವನು ಕೊನೆಯ ಅಕ್ಷರದಿಂದ ಅಳಿಸುತ್ತ ಬಂದ. ಹಳೆಯ ಯಂತ್ರ, ಒಂದು ಸಲಕ್ಕೆ ಒಂದೇ ಅಕ್ಷರ. 'ಸರಿಯಿದೆ' ಹೋಯಿತು, 'ಅವನು' ಹೋಯಿತು, 'ಕಲಿಸಿದವನಿಗೆ' ಹೋಯಿತು. 'ತಮ್ಮನಿಗೆ' ಎಂಬುದು ಸವೆದು 'ತಮ್ಮ' ಎಂದಾದಾಗ ಅಕ್ಕ ಅವನ ಮಣಿಕಟ್ಟು ಹಿಡಿದಳು.

"ಸಾಕು. ಅದೊಂದು ಸುಳ್ಳಲ್ವಲ್ಲ. ಇರ್ಲಿ."

ಅವನಿಗೆ ಆ ಎರಡು ಅಕ್ಷರಗಳನ್ನು ತಲೆಯೆತ್ತಿ ನೋಡಲು ಆಗಲಿಲ್ಲ.