ಮೂಗಿಲ್ಲದ ನೀರುಕಾಗೆ

ನಾನು ಒಂದು ನೀರುಕಾಗೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಗಿಡದ ಮೇಲಿನ ಕಡ್ಡಿಗೂಡಿನಲ್ಲಿ ಮೊಟ್ಟೆಯೊಡೆದು ಹೊರಬಂದೆ. ಆಗ ಮೈಮೇಲೆ ಒಂದು ಪುಕ್ಕವೂ ಇರಲಿಲ್ಲ, ಆದರೆ ಕೊಕ್ಕಿನ ಮೇಲೆ ಎರಡು ಪುಟ್ಟ ಮೂಗಿನ ಹೊಳ್ಳೆಗಳಿದ್ದವು. ರೆಕ್ಕೆ ಬಲಿಯುವಷ್ಟರಲ್ಲಿ ಅವು ತಾವಾಗಿಯೇ ಮುಚ್ಚಿಹೋದವು. ನಮ್ಮ ಕುಲವೇ ಹಾಗೆ. ನೀರೊಳಗೆ ದುಡಿದು ತಿನ್ನುವವರಿಗೆ ತೆರೆದ ಮೂಗು ಯಾಕೆ? ಅಂದಿನಿಂದ ನನ್ನ ಉಸಿರಾಟವೆಲ್ಲ ಬಾಯಿಯಿಂದಲೇ.

ಮುಳುಗುವುದರ ಮಜಾ ನಿಮಗೆ ಹೇಗೆ ಹೇಳಲಿ! ನೀರಿನ ಮೇಲೆ ತೇಲುತ್ತ ಬಾಯಿತುಂಬ ಗಾಳಿ ಎಳೆಯುತ್ತೇನೆ. ಎದೆ ಡವಡವ ಬಡಿದುಕೊಳ್ಳುತ್ತದೆ, ಹೆದರಿಕೆಯಿಂದಲ್ಲ, ಅವಸರದಿಂದ. ಗಾಳಿ ಶ್ವಾಸಕೋಶಕ್ಕೆ ಮಾತ್ರವಲ್ಲ, ಹೊಟ್ಟೆಯವರೆಗೂ ಹಬ್ಬಿರುವ ಗಾಳಿಚೀಲಗಳಿಗೂ ತುಂಬುತ್ತದೆ. ನೀವು ಆಮ್ಲಜನಕ ಎನ್ನುತ್ತೀರಲ್ಲ, ಅದನ್ನು ನನ್ನ ರಕ್ತವೂ ಕಪ್ಪುಗೆಂಪು ಮಾಂಸಖಂಡಗಳೂ ಹೀರಿ ಇಟ್ಟುಕೊಳ್ಳುತ್ತವೆ. ಆಮೇಲೆ ಗುಳುಂ ಎಂದು ಒಳಗೆ. ಒಳಗೆ ಹೋದೊಡನೆ ಎದೆಬಡಿತ ನಿಧಾನವಾಗುತ್ತದೆ, ತುಂಬಿಕೊಂಡದ್ದು ಬೇಗ ತೀರಬಾರದಲ್ಲ. ಮೀನು ಸಿಗಲಿ ಬಿಡಲಿ, ಮೇಲೆ ಬಂದ ಮೇಲೆ ಸ್ವಲ್ಪ ಹೊತ್ತು ಬರೀ ಉಸಿರಾಟ. ಹೆಚ್ಚು ಹೊತ್ತು ಮುಳುಗಿದ್ದರೆ ಹೆಚ್ಚು ಹೊತ್ತು ಸುಧಾರಿಸಿಕೊಳ್ಳಬೇಕು.

ಒಂದು ಬೆಳಿಗ್ಗೆ ನಾನು ಸುಧಾರಿಸಿಕೊಳ್ಳಲಿಲ್ಲ. ಕಾಲಡಿಯಲ್ಲೇ ಮೀನಿನ ಹಿಂಡು ಥಳಥಳ ಹೊಳೆಯುತ್ತಿತ್ತು. ಆಸೆ ತಡೆಯದೆ ಅರ್ಧ ಉಸಿರಲ್ಲೇ ಮತ್ತೆ ಮುಳುಗಿದೆ, ನೇರವಾಗಿ ಬೊಮ್ಮಯ್ಯ ಎಂಬವನ ಬಲೆಗೆ ಸಿಕ್ಕಿಬಿದ್ದೆ. ಒದ್ದಾಡಿದಷ್ಟೂ ಬಲೆ ಬಿಗಿಯಿತು, ಕಣ್ಣು ಕತ್ತಲೆಗಟ್ಟಿತು. ಅಷ್ಟರಲ್ಲಿ ಅವನು ಬಲೆಯನ್ನು ದೋಣಿಗೆ ಎಳೆದ. ಗಾಳಿ ಸಿಕ್ಕಿತು! ಬಾಯಿ ತೆರೆದವನೇ ಅವನ ಮುಂಗೈ ಕುಕ್ಕಿದೆ.

ಬೊಮ್ಮಯ್ಯ ಏಡಿ ಹಿಡಿಯುವವನು. ಜೀವಂತ ಏಡಿ ಕೈಗೆ ಬಂದರೆ, ಅದು ಕಚ್ಚುವ ಮೊದಲೇ ದಾರ ಸುತ್ತಿ ಬಿಗಿಯುವುದು ಅವನಿಗೆ ರೂಢಿ. ನನ್ನ ಕೊಕ್ಕಿಗೂ ಹಾಗೆಯೇ ಮೂರು ಸುತ್ತು ಸುತ್ತಿ ಗಂಟು ಹಾಕಿದ.

“ಸುಮ್ನೆ ಇರೂ, ನಿನ್ನ ಬಿಡ್ಸೂದೇ ನನ್ನ ಕೆಲ್ಸ ಈಗೆ,” ಎನ್ನುತ್ತ ಒಂದೊಂದೇ ಎಳೆ ಬಿಡಿಸತೊಡಗಿದ. ಪಾಪ, ಒಳ್ಳೆಯವನೇ. ಕಾಪಾಡುತ್ತಲೇ ನನ್ನನ್ನು ಕೊಲ್ಲುತ್ತಿದ್ದ. ಸುತ್ತ ಆಕಾಶದ ತುಂಬ ಗಾಳಿ, ನನಗೆ ಮಾತ್ರ ಒಂದು ಗುಟುಕೂ ಇಲ್ಲ. ನೀರೊಳಗೆ ಕೂಡ ನಾನು ಅಷ್ಟು ಹೆದರಿರಲಿಲ್ಲ.

ದೋಣಿಯ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಅವನ ಅಕ್ಕ ಮಾಸ್ತಮ್ಮ ನನ್ನನ್ನೇ ನೋಡುತ್ತಿದ್ದಳು.

“ಬೊಮ್ಮಾ, ಕಣ್ ಮುಚ್ತಾ ಇದ್ಯಲ್ಲೋ ಇದು. ಮೂಗಿಗೆ ಕೆಸರು ಹೊಕ್ತೇನೋ,” ಎಂದು ಸೆರಗಿನಿಂದ ನನ್ನ ಕೊಕ್ಕು ಒರೆಸಿದಳು. ಆ ಕಡೆ ಈ ಕಡೆ ತಿರುಗಿಸಿ ತಡಕಿದಳು. “ಎಲ್ಲೋ ಇದ್ರ ಮೂಗು?”

“ಮೂಗಿಲ್ದ ಹಕ್ಕಿ ಇರ್ತದ್ಯೇನೇ ಅಕ್ಕ? ಅಲ್ಲೇ ಎಲ್ಲೋ ಇರೂದು.”

“ಇಲ್ಲಾ ಅಂದ್ರೆ ಇಲ್ಲ. ದಾರ ಕೊಯ್ಯೂ ಮೊದ್ಲು.”

ಅವನು ಚೂರಿ ಹುಡುಕುವಷ್ಟರಲ್ಲಿ ಅವಳು ಹಲ್ಲಿನಿಂದಲೇ ದಾರ ಕಚ್ಚಿ ಹರಿದಳು. ಆ ಉಸಿರಿನ ರುಚಿಗೆ ಯಾವ ಮೀನೂ ಸಮನಲ್ಲ! ಬಾಯಿ ಅಗಲಿಸಿ ಎಳೆದೆ, ಮತ್ತೆ ಎಳೆದೆ. ಬೊಮ್ಮಯ್ಯ ಹರಿದ ದಾರವನ್ನು ಹೆಕ್ಕಿಕೊಂಡ. “ನನ್ ಕೈಯಾರೆ ಸಾಯೂದಿತ್ತಲ್ಲೇ,” ಎಂದ. ಮಾಸ್ತಮ್ಮ ಬಲೆಯ ಉಳಿದ ಎಳೆಗಳನ್ನು ಬಿಡಿಸಿ ನನ್ನನ್ನು ನೀರಿಗೆ ಬಿಟ್ಟಳು.

ಈಗ ನನಗೆ ವಯಸ್ಸಾಗಿದೆ. ಒಂದು ಸಲ ಮುಳುಗಿದರೆ ಕಂಬದ ಮೇಲೆ ರೆಕ್ಕೆ ಹರಡಿ ಬಹಳ ಹೊತ್ತು ಕೂರಬೇಕು. ಮೊನ್ನೆ ಹಾಗೆ ಕುಳಿತಿದ್ದಾಗ, ತಲೆ ಬೆಳ್ಳಗಾದ ಬೊಮ್ಮಯ್ಯನ ಬಲೆಗೆ ಒಂದು ಎಳೆಯ ನೀರುಕಾಗೆ ಸಿಕ್ಕಿತು. ಅದು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು, ರಕ್ತ ಬಂತು. ಅವನು ಬೆರಳು ಬಿಡಿಸಿಕೊಳ್ಳಲಿಲ್ಲ. ಅದನ್ನು ಕೊಕ್ಕಿನ ನಡುವೆಯೇ ಬಿಟ್ಟು, ಇನ್ನೊಂದು ಕೈಯಿಂದ ನಿಧಾನವಾಗಿ ಬಲೆ ಬಿಡಿಸುತ್ತ ಹೇಳುತ್ತಿದ್ದ:

“ಕಚ್ಚೂ ಮಾರಾಯ, ಕಚ್ಚೂ. ಉಸ್ರಾಡ್ಕಂತಾ ಕಚ್ಚೂ.”